ಗರಿಯ ಹಾವಿಗೆ ಹಾಲೆರೆದ ಮೇಲೆ

ಮಗಳು ಐದನೆಯ ಕ್ಲಾಸಿನಲ್ಲಿದ್ದಾಗ ಬಳ್ಳಾರಿಯಲ್ಲಿದ್ದ ಅವಳ ಕಾನ್ವೆಂಟಿನವರು ಒಂದು ನಾಟಕ ಮಾಡಿಸಿದರು. ಅಲ್ಲಿಯ ಟಾಕೀಸಿಗೆ ಬಂದಿದ್ದ ಇಂಗ್ಲಿಷ್ ಸಿನಿಮಾದ ಕತೆ: ಕಡಲಾಚೆಯ ಆಜ್ಟೆಕ್ ಎಂಬ ಮೂಲನಿವಾಸಿಗಳ ನಾಡಿಗೆ ಬಿಳಿಯ ಸಾಹಸಿಯೊಬ್ಬ ಹೋಗುತ್ತಾನೆ, ಅವರು ಪೂಜಿಸುವ ಗರಿಯುಳ್ಳ ಹಾವನ್ನು ಇರಿದು ಕೊಂದು, ಬಂಗಾರ ಹೊತ್ತು ತರುತ್ತಾನೆ. ಮಗಳಿಗೆ ಹಾವಿನ ಪಾರ್ಟು. ಪಾರ್ಟು ಸಿಕ್ಕ ದಿನ ನಮ್ಮೂರು ಕುರುಗೋಡಿನಲ್ಲಿ ಬಸ್ಸಿಳಿದವಳು ಮನೆಯತನಕ ಓಡಿಯೇ ಬಂದಿದ್ದಳು.

ನಾನೂ ಅದೇ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿಯ ಲೈಬ್ರರಿಯ ಹಳೆಯ ಪುಸ್ತಕದಲ್ಲಿ ಆ ಹಾವಿನ ಚಿತ್ರ ನೋಡಿದ್ದೆ. ಇರುವೆಯ ರೂಪದಲ್ಲಿ ಗುಡ್ಡದೊಳಗೆ ಹೊಕ್ಕು, ಮೆಕ್ಕೆಜೋಳದ ಕಾಳು ತಂದು ಮನುಷ್ಯರಿಗೆ ಕೊಟ್ಟ ದೇವರಂತೆ ಅದು. ಸಿನಿಮಾದವರಿಗೆ ಅದೆಲ್ಲ ಬೇಕಿರಲಿಲ್ಲ, ಬುಸುಗುಟ್ಟುವ ಬಾಯಿಯೊಂದು ಸಾಕಾಗಿತ್ತು.

ಮಗಳು ನಾಟಕದಲ್ಲಿ ತೊಡಬೇಕಾದ ರಟ್ಟಿನ ಹೆಡೆಗೆ ಹಸಿರು ಬಳಿದು, ಹೊಲದಲ್ಲಿ ಆಯ್ದ ನವಿಲುಗರಿ ಹೊಲಿಯುತ್ತ ಅತ್ತೆಗೆ ಇದನ್ನು ಹೇಳಿದೆ.

"ಹಾವಿಗಿ ನವಿಲಗರಿ? ಅವೆರಡಕ್ಕೂ ಆಗಿಬರಂಗಿಲ್ಲಲ್ಲವಾ!"

"ಆ ದೇಶದಾಗ ಎರಡೂ ಒಂದ ಮೈಯಾಗ ಅದಾವಂತ್ರಿ ಅತ್ತಿ."

"ಕಾಳು ಕೊಟ್ಟಾನಂದ್ರ ನಮ್ಮ ನಾಗಪ್ಪನ ಅಣ್ಣತಮ್ಮನ ಇರಬೇಕು ಬಿಡು."

ಮರುದಿನ ನಾಗರಪಂಚಮಿ. ನಾನು ಹಿತ್ತಲಿನಿಂದ ಬರುವಷ್ಟರಲ್ಲಿ ಅತ್ತೆ ಮಣ್ಣಿನ ನಾಗಪ್ಪನ ಪಕ್ಕದಲ್ಲಿ ರಟ್ಟಿನ ಹೆಡೆಯನ್ನೂ ಕೂಡಿಸಿ, ಅರಿಶಿಣ ಹಚ್ಚಿ, "ಅಪ್ಪನ ಪಾಲು, ಅವ್ವನ ಪಾಲು, ಮೊಮ್ಮಗಳ ಪಾಲು" ಎನ್ನುತ್ತ ಕೊಬ್ಬರಿ ಬಟ್ಟಲಿನಿಂದ ಹಾಲು ಹನಿಸುತ್ತಿದ್ದರು. ರಟ್ಟು ಮೆತ್ತಗಾಗಿ ಒಂದು ಕಣ್ಣಿನ ಬಣ್ಣ ಕೆನ್ನೆಗಿಳಿದಿತ್ತು. ನನಗೆ ನಗು ತಡೆಯಲಾಗಲಿಲ್ಲ.

"ನಗು ನಗು. ಹಾಲೆರದದ್ದಾತು. ಇನ್ನ ಇದಕ್ಕ ಕತ್ತಿ ತಾಕಿಸಂಗಿಲ್ಲ," ಎಂದರು ಅತ್ತೆ.

ನಗು ನಿಂತಿತು. ನಾಟಕದಲ್ಲಿ ಹಾವು ಸಾಯುವುದು ಮೊದಲಿನಿಂದಲೂ ನನಗೆ ಚುಚ್ಚುತ್ತಿತ್ತು. ಬಾಯಿಬಿಟ್ಟು ಹೇಳಿದವರು ಅವರು.

ಹಬ್ಬದ ಮರುದಿನ ಹೆಡೆಯನ್ನು ಚೀಲದಲ್ಲಿಟ್ಟುಕೊಂಡು ಮಗಳೊಂದಿಗೆ ಬಳ್ಳಾರಿಗೆ ಹೋದೆ. ನಾಟಕ ಕಲಿಸುತ್ತಿದ್ದ ಸಿಸ್ಟರ್ ಒಂದು ಕಾಲಕ್ಕೆ ನನಗೆ ಕಸೂತಿ ಕಲಿಸಿದವರು.

"ಹಾವು ಸಾಯೋದು ಬ್ಯಾಡ ಸಿಸ್ಟರ್. ಇದಕ್ಕ ಪೂಜೆ ಆಗೇತಿ."

"ಅಯ್ಯೋ ಹುಚ್ಚಿ, ಇದು ರಟ್ಟಲ್ಲವೇನಮ್ಮಾ?"

"ಗೇಟಿನ ಹತ್ತಿರ ಇರೋ ಮಾತೆಯ ಮೂರ್ತಿಗೆ ನಾನು ಇಲ್ಲಿದ್ದಷ್ಟು ವರ್ಷ ದಿನಾ ಹೂವು ಇಟ್ಟೀನಿ ಸಿಸ್ಟರ್. ಸುಣ್ಣದ ಗೊಂಬಿ ಅಂತ ಯಾವತ್ತಾದ್ರೂ ಅಂದೀನೇನು?"

ಸಿಸ್ಟರ್ ತಮ್ಮ ನಿಲುವಂಗಿಯ ತೋಳಿನ ಮಡಿಕೆಯನ್ನು ನೇರಮಾಡಿಕೊಂಡರು. "ಹಾವು ಸಾಯದಿದ್ದರೆ ನಾಟಕವೇ ಇಲ್ಲ. ಬೇರೆ ಹುಡುಗಿ ಮಾಡುತ್ತಾಳೆ, ಹೆಡೆ ಕೊಟ್ಟುಹೋಗು."

"ಮಾಡಲಿ. ಹೆಡಿ ಮಾತ್ರ ಕೊಡಂಗಿಲ್ಲ."

ಕಾನ್ವೆಂಟಿನ ಆ ವರಾಂಡದಲ್ಲಿ ನನ್ನ ದನಿ ಯಾವತ್ತೂ ಏರಿದ್ದಿಲ್ಲ, ಅಂದೂ ಏರಲಿಲ್ಲ. ಚೀಲವನ್ನು ಮಾತ್ರ ಬಿಡಲಿಲ್ಲ.

"ನಿನ್ನಿಂದ ನನ್ನ ಪಾರ್ಟು ಹೋತು," ಎಂದು ಮಗಳು ಬಸ್ಸಿನಲ್ಲಿ ಕಿಟಕಿಗೆ ಮುಖ ತಿರುವಿದಳು.

"ಹೋತು. ಬಂಗಾರ ಕದ್ದಾವ ಹೀರೋ, ಕಾಳು ಕೊಟ್ಟಾವ ಸಾಯಬೇಕು. ಇದ್ಯಾವ ಕತಿ, ನೀನ ಹೇಳು."

ಕುರುಗೋಡು ಬಂದಾಗ ಮಗಳು ನನ್ನ ಕೈ ಬಿಡಿಸಿಕೊಂಡು ಮೊದಲು ಇಳಿದುಹೋದಳು.

ಆದರೂ ನಾಟಕ ನೋಡಲು ಹೋಗಲೇಬೇಕು ಎಂದು ಹಟ ಹಿಡಿದವಳೂ ನಾನೇ. ಮಗಳನ್ನು ಕರೆದುಕೊಂಡು ಮುಂದಿನ ಸಾಲಿನಲ್ಲೇ ಕೂತೆ. ಗೋಣಿತಟ್ಟಿನ ಹಾವು ಬಂತು, ಬುಸುಗುಟ್ಟಿತು, ಇರಿತ ತಿಂದು ಬಿತ್ತು. ಹಾಲ್ ತುಂಬ ಚಪ್ಪಾಳೆ. ನನ್ನ ಕೈಗಳು ಮಡಿಲಲ್ಲೇ ಇದ್ದವು. ಪಕ್ಕದ ಹೆಣ್ಣುಮಗಳು ಮೊಣಕೈಯಿಂದ ತಿವಿದು ಕೇಳಿದಳು:

"ಯಾಕ್ರೀ, ಚೊಲೊ ಆಗಲಿಲ್ಲೇನು?"

"ಆಗಲಿಲ್ರಿ," ಎಂದೆ, ಸಿಸ್ಟರ್‌ಗೂ ಕೇಳುವಂತೆ.

ಚಪ್ಪಾಳೆಗೆಂದು ಕೈ ಎತ್ತಿದ್ದ ಮಗಳು ನನ್ನ ಮುಖ ನೋಡಿದಳು. ಆಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡು, ಪರದೆ ಬೀಳುವತನಕ ಹಾಗೆಯೇ ಕೂತಳು.