ಸಾಸಿಗೆ ಬಿದ್ದ ಕಾಮಕಸ್ತೂರಿ

ಅರಗಿನ ಬಣ್ಣ ಹಚ್ಚುವುದನ್ನು ಕಲಿಯಲು ಇಟಲಿಯ ಹೆಂಗಸೊಬ್ಬಳು ಚನ್ನಪಟ್ಟಣದ ನಮ್ಮ ಬೊಂಬೆ ಕಾರ್ಖಾನೆಗೆ ಬಂದಿದ್ದಳು. ಕಲಿಸುವವನು ನಾನು. ಇಬ್ಬರಿಗೂ ಮಾತು ಕಮ್ಮಿ, ಹಾಗಾಗಿ ಹೊಂದಿಕೊಂಡೆವು. ಒಂದು ದಿನ ಆಕೆ, ಇವತ್ತು ನಮ್ಮಮ್ಮ ತೀರಿಕೊಂಡ ದಿನ, ಅವಳು ಮಾಡುತ್ತಿದ್ದ ಟೊಮೆಟೊ ಸಾಸ್ ಮಾಡಬೇಕು ಎಂದಳು. ಮನೆಗೆ ಕರೆದುಕೊಂಡು ಹೋದೆ.

ಎಣ್ಣೆಯಲ್ಲಿ ಬೆಳ್ಳುಳ್ಳಿ, ಆಮೇಲೆ ಟೊಮೆಟೊ, ಉಪ್ಪು. ಹಾಲು, ತುಪ್ಪ ಏನೂ ಬೇಡ. ನನ್ನ ಹೆಂಡತಿ ಸಾಸಿವೆ ಡಬ್ಬಿ ಹಿಡಿದು ಎರಡು ಸಲ ಬಂದಳು. ಎರಡು ಸಲವೂ ಆಕೆ ಕೈ ಅಡ್ಡ ಹಿಡಿದಳು. ಸಣ್ಣ ಉರಿಯಲ್ಲಿ ಅದು ಗುಳುಗುಳು ಬೇಯುವುದನ್ನು ನೋಡುತ್ತಾ ನನಗೆ ಮಂಪರು ಹತ್ತಿತು.

"ಒಂದು ಎಲೆ ಇಲ್ಲ," ಎಂದು ಆಕೆ ಮುಖ ಸಣ್ಣದು ಮಾಡಿಕೊಂಡಳು. ಹೆಂಡತಿ ಪಕ್ಕದಲ್ಲಿ ಸುಳಿದಾಗ ಜಡೆಯ ಹತ್ತಿರ ಮೂಗು ತಂದು, "ಇದೇ!" ಎಂದು ಕೂಗಿದಳು. ಮಲ್ಲಿಗೆ ಜೊತೆ ಕಟ್ಟಿದ್ದ ಕಾಮಕಸ್ತೂರಿ.

"ಅಯ್ಯೋ, ಮುಡಿಯೋದು ಕಣವ್ವ ಇದು! ಸಾರಿಗೆ ಹಾಕ್ತಾರಾ?"

"ಅವರಮ್ಮನ ಎಡೆಗೆ ಕಣೇ," ಎಂದೆ.

ಹೆಂಡತಿ ದೇವರ ಪಟಕ್ಕೆಂದು ಎತ್ತಿಟ್ಟಿದ್ದ ಹೂವಿನ ಮಾಲೆಯಿಂದ ಆ ಎಲೆ ಬಿಡಿಸಿ ಕೊಟ್ಟಳು. "ದೇವ್ರು ಒಂದಿನ ಸುಮ್ಕಿರ್ತಾನೆ."

ಒತ್ತುಶಾವಿಗೆಯ ಮೇಲೆ ಸಾಸ್ ಸುರಿದುಕೊಂಡು ಕೂತೆವು. ಮೊದಲ ತುತ್ತಿಗೇ ಆಕೆ ಕಣ್ಣು ಮುಚ್ಚಿ ತಾಯಿಯ ಮನೆಗೆ ಹೋಗಿಬಿಟ್ಟಳು. ನಾನೂ ಕಣ್ಣು ಮುಚ್ಚಿದೆ. ಮದುವೆಯಾದ ಹೊಸತರಲ್ಲಿ ನಮ್ಮ ದಿಂಬಿನ ಮೇಲೆ ಇರುತ್ತಿದ್ದ ವಾಸನೆ ಅದು.

"ಹೆಂಗೈತೆ?" ಎಂದಳು ಹೆಂಡತಿ.

"ಉಪ್ಪು ಒಸಿ ಕಮ್ಮಿ," ಎಂದೆ.

ಉಪ್ಪು ಸರಿಯಾಗೇ ಇತ್ತು.