ಮಸಾಯಿ ಅಜ್ಜಿಯ ಆಶೀರ್ವಾದ

ಅಮೆರಿಕದ ಸೀಡರ್ ಪಾರ್ಕ್ ಊರಿನ ನಮ್ಮ ಮನೆಯ ಹಿಂದಿನ ವಾಕಿಂಗ್ ದಾರಿಯಲ್ಲಿ, ಸ್ವಲ್ಪ ಮುಂದೆ ಓಡುತ್ತಿದ್ದ ಮಗಳು ದಿಯಾಳಿಗೆ ಎದುರಾಗಿ ತೋಳದಂಥ ಕಯೋಟಿಯೊಂದು ಬಂದು ನಿಂತಿತು. ನನಗೆ ಕಾಲೇ ಏಳಲಿಲ್ಲ. ಜೊತೆಗಿದ್ದವರು ಪಕ್ಕದ ಮನೆಯ ಗೆಳತಿ ನಾಸೇರಿಯನ್ ಮತ್ತು ಕೀನ್ಯಾದಿಂದ ಬಂದಿದ್ದ ಅವರ ಅತ್ತೆ. ಮಸಾಯಿ ಜನಾಂಗದ ಆ ಅಜ್ಜಿ ಹೆಗಲ ಮೇಲಿನ ಕೆಂಪು ಚೌಕಳಿ ಬಟ್ಟೆ ಸರಿಮಾಡಿಕೊಂಡು, ಓಡದೆ, ಕಿರುಚದೆ ನೇರವಾಗಿ ಹೋಗಿ ಮಗಳಿಗೂ ಕಯೋಟಿಗೂ ನಡುವೆ ನಿಂತರು. ಜೋರಾಗಿ ಕೈತಟ್ಟಿ ಒಮ್ಮೆ ಗದರಿದರು. ಅವರ ಮಣಿಯೋಲೆಗಳು ಅಲುಗಿದವು. ಕಯೋಟಿ ತಿರುಗಿ ಪೊದೆಯೊಳಗೆ ಹೋಯಿತು.

ಅಳುತ್ತಿದ್ದ ದಿಯಾಳನ್ನು ಹತ್ತಿರ ಕರೆದು, ಅಜ್ಜಿ ತಮ್ಮ ಅಂಗೈಗೆ ತುಸು ಉಗುಳಿಕೊಂಡು ಅವಳ ನೆತ್ತಿಯ ಮೇಲಿಟ್ಟರು! ನಾನು ಬೆಚ್ಚಿದ್ದು ನಾಸೇರಿಯನ್‌ಗೆ ಕಂಡಿತು.

“ಗಾಬರಿಯಾಗಬೇಡಿ, ನಮ್ಮ ಹಿರಿಯರು ಮಕ್ಕಳನ್ನು ಹರಸೋದೇ ಹೀಗೆ,” ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು. “ಊರಲ್ಲಿ ದನಗಳ ಹತ್ತಿರ ಬಂದ ಸಿಂಹವನ್ನೇ ಓಡಿಸಿದವರು ಇವರು. ಈ ಕಯೋಟಿಯನ್ನು ಯಾರದೋ ಮನೆ ನಾಯಿ ಅಂದುಕೊಂಡಿರಬೇಕು.”

“ಅಮ್ಮಾ, ಇಟ್ಸ್ ಓಕೆ,” ಎಂದು ದಿಯಾ ಕಣ್ಣೊರೆಸಿಕೊಂಡು ಅಜ್ಜಿಯ ಕೈ ಹಿಡಿದಳು.

ಮನೆಗೆ ಬಂದು ಮಗಳಿಗೆ ತಲೆಸ್ನಾನ ಮಾಡಿಸಲು ನೀರು ಬಿಟ್ಟವಳು ನಲ್ಲಿ ನಿಲ್ಲಿಸಿದೆ. ಹೆತ್ತ ನಾನು ನಿಂತಲ್ಲೇ ನಿಂತಿದ್ದಾಗ ಮುಂದೆ ಹೋದವರ ಕೈ ಅವಳ ನೆತ್ತಿ ಮುಟ್ಟಿತ್ತು. ಅವತ್ತು ಅವಳ ತಲೆ ತೊಳೆಯಲಿಲ್ಲ.