ಜೈಲಿನಲ್ಲೊಂದು ಬುಕಿಂಗ್

ಸುತ್ತಾಟದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಎಲ್ಲರೂ ನೋಡಿದ್ದನ್ನೇ ನೋಡಿ, ಎಲ್ಲರೂ ನಿಂತ ಜಾಗದಲ್ಲೇ ನಿಂತು ಫೋಟೋ ತೆಗೆಸಿಕೊಂಡು ಬರುವುದು ನನ್ನಿಂದಾಗದು. 2006ರ ಬೇಸಿಗೆಯಲ್ಲಿ ಯುರೋಪಿನಲ್ಲಿ ಹನ್ನೆರಡು ದಿನ ಕಾರಿನಲ್ಲಿ ತಿರುಗುವುದೆಂದು ಗೊತ್ತಾದಾಗ, ಅಮೆರಿಕಾದ ಸೊರೆಂಟೊ ವ್ಯಾಲಿಯ ನನ್ನ ಆಫೀಸಿನಲ್ಲಿ ಊಟದ ಬಿಡುವಿನಲ್ಲೆಲ್ಲ ಹುಡುಕಿ ಒಂದು ಹಾಸ್ಟೆಲ್ ಪತ್ತೆ ಮಾಡಿದೆ. ಅದು ಹಿಂದೆ ಜೈಲಾಗಿತ್ತಂತೆ. ಕಂಬಿಯ ಬಾಗಿಲು, ಎತ್ತರದಲ್ಲೊಂದು ಪುಟ್ಟ ಕಿಟಕಿ, ಕೋಣೆಗೆ ನಾಲ್ಕು ಮಂಚ. ನಾವೂ ನಾಲ್ವರೇ: ನಾನು, ಹೆಂಡತಿ, ಹತ್ತು ವರ್ಷದ ಮಗಳು, ಹುಬ್ಬಳ್ಳಿಯಿಂದ ನಮ್ಮಲ್ಲಿಗೆ ಬಂದಿದ್ದ ಅಪ್ಪ. ಅವ್ವ ನನ್ನ ತಂಗಿಯ ಬಾಣಂತನಕ್ಕೆಂದು ಊರಲ್ಲೇ ಉಳಿದಿದ್ದಳು. ಸರ್‌ಪ್ರೈಸ್ ಇರಲಿ ಎಂದು ಯಾರಿಗೂ ಹೇಳದೆ ಬುಕ್ ಮಾಡಿಬಿಟ್ಟೆ.

ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಯಂತ್ರದ ಬಗ್ಗೆ ಎಷ್ಟು ಬೇಕಾದರೂ ಮಾತಾಡುತ್ತಾರೆ, ತಮ್ಮ ಬಗ್ಗೆ ಒಂದಕ್ಷರವಿಲ್ಲ. ಸ್ಕ್ರಿಪ್ಸ್ ರ್ಯಾಂಚಿನ ನಮ್ಮ ಮನೆಯ ಗರಾಜಿನ ಬಾಗಿಲು ತಾನಾಗಿ ಏಳುವುದು ಹೇಗೆಂದು ಏಣಿ ಹತ್ತಿ ನೋಡಿದ ಮನುಷ್ಯ. ಮ್ಯೂನಿಕ್‌ನಲ್ಲಿ ಬಾಡಿಗೆ ಕಾರು ಹಿಡಿದ ಮೇಲೂ ಅದೇ ಕಥೆ. ಹೆಂಡತಿ ತೊಡೆಯ ಮೇಲೆ ಪ್ರಿಂಟ್ ತೆಗೆದ ಮ್ಯಾಪ್ ಹರಡಿಕೊಂಡು ದಾರಿ ಹೇಳುವಳು, ಹಿಂದಿನ ಸೀಟಿನಲ್ಲಿ ಅಪ್ಪ ಮೊಮ್ಮಗಳಿಗೆ ಕಟಕ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಡುತ್ತ, ರೈಲು ಗೇಟು ಬಂತೆಂದರೆ ಕಾರು ನಿಲ್ಲಿಸು ಎನ್ನುವರು. ಇಷ್ಟು ಖುಷಿಯಾಗಿ ಅವರನ್ನು ನಾನು ನೋಡಿದ್ದೇ ಕಡಿಮೆ.

ಐದನೆಯ ದಿನ ಮಧ್ಯಾಹ್ನ ಹಾಸ್ಟೆಲ್ ಮುಟ್ಟಿದೆವು. ಕೌಂಟರಿನ ಹುಡುಗಿ ನಗುತ್ತ ಅಂಗೈಯಷ್ಟುದ್ದದ ಬೀಗದ ಕೈ ಕೊಟ್ಟಳು. ಮಗಳು ಓಡಿಹೋಗಿ ನಮ್ಮ ಕೋಣೆಯ ಕಬ್ಬಿಣದ ಬಾಗಿಲಿನಲ್ಲಿದ್ದ ಸಣ್ಣ ಕಿಂಡಿಗೆ ಕೈ ಹಾಕಿ, "ವಾಟ್ಸ್ ದಿಸ್ ಫಾರ್?" ಎಂದು ಕೇಳಿದಳು.

"ಊಟದ ತಾಟು ಒಳಗ ತಳ್ಳಾಕ" ಅಂದರು ಅಪ್ಪ. ಅಂದವರೇ ಅಲ್ಲೇ ನಿಂತರು. "ನೀವು ಮಲಕೋರಿ. ನಾ ಕಾರಿನಾಗ ಮಲಗತೀನಿ."

"ಯಾಕ್ರಿ ಅಪ್ಪಾ? ಇದು ಈಗ ಜೈಲಲ್ಲ."

"ನಾ ಒಳಗ ಬರಂಗಿಲ್ಲ."

ನನಗೆ ಸಿಟ್ಟು ಬಂತು. ಇಷ್ಟು ಹುಡುಕಿ ತೆಗೆದ ಜಾಗ, ಇವರಿಗೆ ಎಲ್ಲದಕ್ಕೂ ಒಂದು ತಕರಾರು ಎಂದು ಜೋರಾಗಿಯೇ ಗೊಣಗಿದೆ. ಹೆಂಡತಿ ಕಣ್ಣಲ್ಲೇ ಗದರಿದಳು. ಅಪ್ಪ ಅಂಗಳಕ್ಕೆ ಹೋಗಿ ಬೆಂಚಿನ ಮೇಲೆ ಕೂತರು. ಮಗಳು ಪಕ್ಕದಲ್ಲಿ ಕೂತು, ನಾನು ಎಂದೂ ಕೇಳದಿದ್ದುದನ್ನು ಸಲೀಸಾಗಿ ಕೇಳಿದಳು: "ಅಜ್ಜಾ, ವರ್ ಯು ಇನ್ ಜೈಲ್?"

"ಹೂಂ. ಹನ್ನೊಂದು ದಿನ."

1974ರ ರೈಲ್ವೆ ಮುಷ್ಕರದ ಕಾಲ. ವರ್ಕ್‌ಶಾಪಿನ ಗೇಟಿನಲ್ಲೇ ಪೊಲೀಸರು ಹಿಡಿದುಕೊಂಡು ಹೋದರಂತೆ. ಆಮೇಲೆ ಕೇಸಿಲ್ಲದೆ ಬಿಟ್ಟರಂತೆ. ನನಗಾಗ ಆರು ವರ್ಷ. ಅಪ್ಪ ಡ್ಯೂಟಿ ಮೇಲೆ ಗುಂತಕಲ್ಲಿಗೆ ಹೋಗಿದ್ದಾರೆ ಎಂದು ಅವ್ವ ಹೇಳಿದ್ದಳು. ಗುಂತಕಲ್ಲಿನಿಂದ ನನಗೇನೂ ತರಲಿಲ್ಲವೆಂದು ಎರಡು ದಿನ ಅವರೊಡನೆ ಮಾತು ಬಿಟ್ಟದ್ದು ನೆನಪಿದೆ.

"ಇಷ್ಟು ವರ್ಷ ಯಾಕ ಹೇಳಲಿಲ್ಲ?" ಎಂದೆ.

"ಮೊದಲ ನಾಚಿಕಿ ಇತ್ತು. ಆಮ್ಯಾಲೆ ನಿನ್ನ ಫಾರ್ಮ್ ಬಂತು. ಅಮೆರಿಕಾದ ವೀಸಾದ್ದು. ಎಂದಾರ ಅರೆಸ್ಟ್ ಆಗೀರೇನು ಅಂತ ಕೇಳಿದ್ರು ಅದರಾಗ. ನೀ ಇಲ್ಲ ಅಂತ ಟಿಕ್ ಮಾಡಿ ಕಳಿಸಿದ್ದಿ. ಹೌದು ಅಂದ್ರ ನಿನ್ನ ಕೆಲಸಕ್ಕ ಕುತ್ತು ಬಂದೀತು ಅಂತ ಸಹಿ ಮಾಡಿದೆ. ಈಗ ಅಮೆರಿಕಾದಾಗ ತಿರುಗಿ ಒಳಗ ಬಿಡಬೇಕಲ್ಲ ಅವರು. ನನ್ನ ಸಲುವಾಗಿ ನಿನ್ನೂ ಹೊರಗ ಹಾಕಿದ್ರ?"

ಅಮೆರಿಕಾದಲ್ಲಿರುವ ನಮ್ಮವರೆಲ್ಲರ ಮನೆಯಲ್ಲೂ ನಡೆಯುವುದು ಹೀಗೆಯೇ. ಶನಿವಾರ ಕೂತು ತಂದೆತಾಯಿಯ ಫಾರ್ಮ್ ನಾವೇ ತುಂಬುತ್ತೇವೆ. ಕಳ್ಳಸಾಗಣೆ ಮಾಡಿದ್ದೀರಾ, ಅರೆಸ್ಟ್ ಆಗಿದ್ದೀರಾ ಎಂಬ ಸಾಲಿಗೆಲ್ಲ ಮೇಲಿನಿಂದ ಕೆಳಗಿನವರೆಗೆ 'ಇಲ್ಲ' ಎಂದು ಟಿಕ್ ಮಾಡಿ, ಸಹಿ ಹಾಕುವ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಮಾಡಿ ಕೊರಿಯರ್ ಮಾಡುತ್ತೇವೆ. ಅಪ್ಪನಿಗೆ ಒಂದು ಪ್ರಶ್ನೆಯನ್ನೂ ನಾನು ಓದಿ ಹೇಳಿರಲಿಲ್ಲ. ಸುಳ್ಳು ಬರೆದವನು ನಾನು, ಅಷ್ಟು ವರ್ಷ ಹೆದರಿಕೊಂಡು ಕೂತವರು ಅವರು. ನನಗೆ ನಾಚಿಕೆಯಾಯಿತು. "ಹಂಗೇನೂ ಆಗೂದಿಲ್ರಿ" ಎಂದೆ, ಆಗುವುದೋ ಇಲ್ಲವೋ ತಿಳಿಯದೆಯೇ.

ಕೌಂಟರಿನ ಹುಡುಗಿಗೆ ವಿಷಯ ಹೇಳಿದಾಗ ಮೇಲಿನ ಮಹಡಿಯ ಒಂದು ಕೋಣೆ ತೆಗೆದುಕೊಟ್ಟಳು. ಹಿಂದೆ ಅದು ಜೈಲರನ ಮನೆಯಾಗಿತ್ತಂತೆ. ಅಪ್ಪ ಅಲ್ಲಿ ಮಲಗಿದರು. ಅಜ್ಜನ ಜೊತೆಗೇ ಇರುತ್ತೇನೆಂದು ಮಗಳು ಹೋದಳು, ಅವಳ ಹಿಂದೆ ಹೆಂಡತಿಯೂ ಹೋದಳು. ಅಷ್ಟು ಹುಡುಕಿ ಬುಕ್ ಮಾಡಿದ ಜೈಲಿನಲ್ಲಿ ಕೊನೆಗೆ ಉಳಿದವನು ನಾನೊಬ್ಬನೇ.

ಪ್ರವಾಸ ಮುಗಿಸಿ ಲಾಸ್ ಏಂಜಲೀಸಿನಲ್ಲಿ ಇಳಿದಾಗ ಗ್ರೀನ್ ಕಾರ್ಡಿನವರ ಸಾಲು ಬಿಟ್ಟು ಅಪ್ಪನ ಸಾಲಿನಲ್ಲಿ ನಿಂತೆ. ಎಷ್ಟು ದಿನ ಇರುತ್ತೀರಿ ಎಂದು ಅಧಿಕಾರಿ ಕೇಳಿದ. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿಕೊಂಡು, ಕೇಳಿದ್ದನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿ ಕಾದೆ. "ನಾಕು ತಿಂಗಳು" ಎಂದರು. ಠಸ್ಸೆ ಬಿತ್ತು.

ಎರಡು ವರ್ಷದ ಮೇಲೆ ಆ ವೀಸಾ ಮುಗಿದು ಹೊಸದಕ್ಕೆ ಅಪ್ಲೈ ಮಾಡಬೇಕಾಯಿತು. ಈ ಸಲ ಹುಬ್ಬಳ್ಳಿಗೆ ಫೋನ್ ಹಚ್ಚಿ ಒಂದೊಂದೇ ಪ್ರಶ್ನೆ ಓದಿ ಹೇಳಿದೆ. ಕಳ್ಳಸಾಗಣೆಯ ಪ್ರಶ್ನೆಗೆ ಅಪ್ಪ ನಕ್ಕರು. ಅರೆಸ್ಟಿನ ಪ್ರಶ್ನೆ ಬಂತು. ಹೌದು ಎಂದು ಬರೆದರೆ ವೀಸಾ ಸಿಗದೆಯೂ ಹೋಗಬಹುದು, ಯೋಚನೆ ಮಾಡಿ ಎಂದೆ.

"ಸಿಗದಿದ್ರ ನೀನ ಇಲ್ಲಿಗೆ ಬಾ" ಅಂದರು ಅಪ್ಪ. "ಹೌದು ಅಂತ ಬರಿ. ಹನ್ನೊಂದು ದಿನ ಅಂತನೂ ಬರಿ."